ಸರ್ವೋಪಯೋಗಿ ಬೇಟೆ ರೈಫಲ್: ಒಂದೇ ಬಂದೂಕು ಎಲ್ಲಕ್ಕೂ ಸಾಕೇ?

ಅಮೆರಿಕದ ಬೇಟೆಗಾರರ ನಡುವೆ ನೂರು ವರ್ಷಗಳಿಂದಲೂ ಬಗೆಹರಿಯದೆ ಉಳಿದಿರುವ ಚರ್ಚೆಯೊಂದಿದೆ. ಮನೆಯಲ್ಲಿ ಒಂದೇ ಒಂದು ರೈಫಲ್ ಇಟ್ಟುಕೊಳ್ಳಬೇಕಾದರೆ ಅದು ಯಾವುದಾಗಿರಬೇಕು? 50 ಕೆ.ಜಿ. ಆಸುಪಾಸಿನ ಪ್ರಾಂಗ್‌ಹಾರ್ನ್‌ನಿಂದ ಹಿಡಿದು 500 ಕೆ.ಜಿ. ಮೀರುವ ಮೂಸ್ ಕಡವೆಯವರೆಗೆ, ದಟ್ಟ ಕಾಡಿನ 40 ಮೀಟರ್‌ನಿಂದ ಬಯಲುಸೀಮೆಯ 300 ಮೀಟರ್‌ವರೆಗೆ ಒಂದೇ ಬಂದೂಕು ಸಾಕಾದೀತೇ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಕಲ್ಪನೆಯೇ ಸರ್ವೋಪಯೋಗಿ ಬೇಟೆ ರೈಫಲ್.

ಕನ್ನಡದ ಓದುಗರಿಗೂ ಈ ವಿಷಯ ತೀರ ಅಪರಿಚಿತವಲ್ಲ. ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯ ಮೂಲಕ ಓದಿ ಬೆಳೆದ ತಲೆಮಾರು ನಮ್ಮಲ್ಲಿದೆ. ಕೊಡಗಿನಲ್ಲಿ ಕೋವಿ ಇಂದಿಗೂ ಮನೆತನದ ಸಂಸ್ಕೃತಿಯ ಭಾಗವಾಗಿದೆ. ಇನ್ನು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸಹೋದ್ಯೋಗಿಗಳೊಡನೆ ಜಿಂಕೆ ಬೇಟೆಯ ಋತುವಿನಲ್ಲಿ ಕಾಡಿಗೆ ಹೊರಡುವವರೂ ಉಂಟು.

ಆರಂಭದಲ್ಲೇ ಒಂದು ಮಾತು ಸ್ಪಷ್ಟವಾಗಿರಲಿ. ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ವನ್ಯಪ್ರಾಣಿಗಳ ಬೇಟೆ ಶಿಕ್ಷಾರ್ಹ ಅಪರಾಧ. ಆದ್ದರಿಂದ ಈ ಲೇಖನದ ಆಯ್ಕೆಯ ಚರ್ಚೆ ಬೇಟೆ ಕಾನೂನುಬದ್ಧವಾಗಿರುವ ಅಮೆರಿಕಕ್ಕೆ ಸಂಬಂಧಿಸಿದ್ದು. ಭಾರತದ ಸ್ಥಿತಿಗತಿಯನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ವಿವರಿಸಲಾಗಿದೆ.

ರೈಫಲ್ ಎಂದರೇನು?

ಆಡುಮಾತಿನಲ್ಲಿ ಎಲ್ಲವನ್ನೂ ಬಂದೂಕು ಅಥವಾ ಕೋವಿ ಎಂದೇ ಕರೆಯುತ್ತೇವೆ. ಆದರೆ ಬಂದೂಕುಗಳಲ್ಲಿ ಎರಡು ಮುಖ್ಯ ಜಾತಿಗಳಿವೆ. ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳ ನಳಿಗೆಯ ಒಳಮೈ ನುಣುಪಾಗಿರುತ್ತದೆ. ಅವುಗಳಿಂದ ಸಾಮಾನ್ಯವಾಗಿ ಸಣ್ಣ ಚರೆಗಳು ಗುಂಪಾಗಿ ಹೊರಡುತ್ತವೆ. 40-50 ಮೀಟರ್ ದಾಟಿದರೆ ಚರೆಗಳು ಚದುರಿ ಶಕ್ತಿ ಕಳೆದುಕೊಳ್ಳುತ್ತವೆ.

ರೈಫಲ್‌ನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಒಂಟಿ ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬರುತ್ತದೆ. ಈ ತಿರುಗುವಿಕೆಯೇ ಗುಂಡಿಗೆ ಸ್ಥಿರತೆ ನೀಡಿ, ನೂರಾರು ಮೀಟರ್ ದೂರದ ಗುರಿಯನ್ನು ನಿಖರವಾಗಿ ಮುಟ್ಟುವಂತೆ ಮಾಡುತ್ತದೆ.

ಹೆಸರಿನಲ್ಲಿರುವ ಸಂಖ್ಯೆಗಳು

ರೈಫಲ್ ಆಯ್ಕೆಯೆಂದರೆ ಮೊದಲಿಗೆ ಕಾಡತೂಸಿನ ಆಯ್ಕೆ. ಅಂಗಡಿಯಲ್ಲಿ .270, .308, .30-06, 6.5, .375 ಮುಂತಾದ ಸಂಖ್ಯೆಗಳು ಹೊಸಬರನ್ನು ಗಲಿಬಿಲಿಗೊಳಿಸುತ್ತವೆ. ಬಿಂದುವಿನಿಂದ ಆರಂಭವಾಗುವ ಸಂಖ್ಯೆ ನಳಿಗೆಯ ಅಥವಾ ಗುಂಡಿನ ವ್ಯಾಸವನ್ನು ಇಂಚಿನ ಲೆಕ್ಕದಲ್ಲಿ ಸೂಚಿಸುತ್ತದೆ. 6.5, 7 ಮುಂತಾದವು ಮಿಲಿಮೀಟರ್ ಲೆಕ್ಕ. ಯುರೋಪಿನ ಪದ್ಧತಿಯಲ್ಲಿ 7x57 ಎಂದರೆ 7 ಮಿ.ಮೀ. ವ್ಯಾಸ, 57 ಮಿ.ಮೀ. ಉದ್ದದ ಕವಚ ಎಂದರ್ಥ.

ಗುಂಡಿನ ತೂಕವನ್ನು ಅಳೆಯುವ ಮಾನ ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಅಂದರೆ 150 ಗ್ರೇನ್‌ನ ಗುಂಡು 9.7 ಗ್ರಾಂ ತೂಗುತ್ತದೆ, 180 ಗ್ರೇನ್‌ನದು 11.7 ಗ್ರಾಂ. ಹಗುರ ಗುಂಡು ವೇಗವಾಗಿ, ಹೆಚ್ಚು ನೇರವಾಗಿ ಸಾಗುತ್ತದೆ. ಭಾರದ ಗುಂಡು ದೊಡ್ಡ ಪ್ರಾಣಿಯ ದೇಹದೊಳಕ್ಕೆ ಆಳವಾಗಿ ಇಳಿಯುತ್ತದೆ. ಒಂದೇ ರೈಫಲ್ ಈ ಎರಡೂ ಬಗೆಯ ಗುಂಡುಗಳನ್ನು ಸಮರ್ಥವಾಗಿ ಹಾರಿಸಬಲ್ಲದಾದರೆ ಅದು ಸರ್ವೋಪಯೋಗಿ ಎನಿಸಿಕೊಳ್ಳುವ ಮೊದಲ ಅರ್ಹತೆ ಪಡೆಯಿತೆಂದೇ ಲೆಕ್ಕ.

.30-06: ಸೈನ್ಯದಿಂದ ಕಾಡಿಗೆ

ಈ ಅರ್ಹತೆಯಲ್ಲಿ ಬಹುಕಾಲದಿಂದ ಮೊದಲ ಸ್ಥಾನದಲ್ಲಿರುವುದು 'ಥರ್ಟಿ ಆಟ್ ಸಿಕ್ಸ್' ಎಂದು ಕರೆಸಿಕೊಳ್ಳುವ .30-06 ಸ್ಪ್ರಿಂಗ್‌ಫೀಲ್ಡ್ ಕಾಡತೂಸು. .30 ಎಂಬುದು ವ್ಯಾಸ. 06 ಎಂಬುದು ಅಮೆರಿಕದ ಸೈನ್ಯ ಅದನ್ನು ಸ್ವೀಕರಿಸಿದ 1906ನೇ ಇಸವಿ.

ಇದು ಬೇಟೆಗಾಗಿ ರೂಪುಗೊಂಡದ್ದಲ್ಲ. ಆದರೆ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊರಟಾಗ ಸ್ಪ್ರಿಂಗ್‌ಫೀಲ್ಡ್ ರೈಫಲ್ ಅವರ ಜೊತೆಗಿತ್ತು. ಎರಡು ಮಹಾಯುದ್ಧಗಳಲ್ಲಿ ಲಕ್ಷಾಂತರ ಅಮೆರಿಕನ್ ಯುವಕರು ಇದೇ ಕಾಡತೂಸಿನಲ್ಲಿ ಗುರಿ ಹಿಡಿಯುವುದನ್ನು ಕಲಿತರು. ಯುದ್ಧ ಮುಗಿದ ಬಳಿಕ ಸೈನ್ಯದ ಹೆಚ್ಚುವರಿ ರೈಫಲ್‌ಗಳು ಅಗ್ಗದ ಬೆಲೆಗೆ ದೊರೆತವು. ಕೈಗೆ ಒಗ್ಗಿದ ಬಂದೂಕು, ಸುಲಭವಾಗಿ ಸಿಗುವ ಕಾಡತೂಸು ಇವೆರಡೂ ಸೇರಿ .30-06 ಅಮೆರಿಕದ ಮನೆಮಾತಾಯಿತು.

ಜನಪ್ರಿಯತೆಗೆ ತಾಂತ್ರಿಕ ಕಾರಣವೂ ಇದೆ. 110 ಗ್ರೇನ್‌ನಿಂದ 220 ಗ್ರೇನ್‌ವರೆಗಿನ ಗುಂಡುಗಳನ್ನು ಇದರಲ್ಲಿ ಬಳಸಬಹುದು. 180 ಗ್ರೇನ್‌ನ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುತ್ತದೆ. ಆಗ ಅದರಲ್ಲಿರುವ ಶಕ್ತಿ ಸುಮಾರು 3,900 ಜೂಲ್. ಬಿಳಿಬಾಲದ ಜಿಂಕೆಗೆ ಇದು ಸಾಕಷ್ಟಕ್ಕಿಂತ ಹೆಚ್ಚು. ಎಲ್ಕ್ ಮತ್ತು ಮೂಸ್‌ಗೂ ತಕ್ಕ ಗುಂಡು ಬಳಸಿದರೆ ಸಾಲುತ್ತದೆ.

ಸ್ಪರ್ಧೆಯಲ್ಲಿರುವ ಉಳಿದವು

.30-06 ಒಂದೇ ಅಭ್ಯರ್ಥಿಯಲ್ಲ. ಪ್ರಮುಖ ಪ್ರತಿಸ್ಪರ್ಧಿಗಳ ಪರಿಚಯ ಹೀಗಿದೆ.

* .30-30 ವಿಂಚೆಸ್ಟರ್ (1895): ಲಿವರ್ ಎಳೆದು ಕಾಡತೂಸು ತುಂಬುವ ವಿಂಚೆಸ್ಟರ್ 1894 ಮಾದರಿಯೊಂದಿಗೆ ಬೆಳೆದದ್ದು. ಹಗುರ, ಚುರುಕು. ದಟ್ಟ ಕಾಡಿನ ಜಿಂಕೆ ಬೇಟೆಗೆ ಹೇಳಿ ಮಾಡಿಸಿದ್ದು. ಆದರೆ ದೂರದ ಗುರಿಗೆ ಸಲ್ಲದು.

* 7x57 ಮೌಸರ್: 19ನೇ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಬ್ರಿಟನ್ನಿನಲ್ಲಿ .275 ರಿಗ್ಬಿ ಎಂಬ ಹೆಸರು. ಒದೆತ ಕಡಿಮೆ, ಗುಂಡು ಆಳಕ್ಕಿಳಿಯುವ ಗುಣ ಹೆಚ್ಚು. ಡಬ್ಲ್ಯು.ಡಿ.ಎಂ. ಬೆಲ್ ಎಂಬ ಬೇಟೆಗಾರ ಆಫ್ರಿಕಾದಲ್ಲಿ ಇದರಿಂದ ನೂರಾರು ಆನೆಗಳನ್ನು ಕೆಡವಿದ. ಅದು ಕಾಡತೂಸಿನ ಬಲಕ್ಕಿಂತ ಆನೆಯ ಮೆದುಳು ಎಲ್ಲಿದೆ ಎಂಬ ಬೆಲ್‌ನ ಜ್ಞಾನಕ್ಕೆ ಸಂದ ಫಲ. ಇಂದು ಯಾರೂ ಅನುಕರಿಸಬೇಕಾದ ಮಾದರಿಯಲ್ಲ.

* .270 ವಿಂಚೆಸ್ಟರ್ (1925): .30-06ರ ಕವಚದ ವಂಶದ್ದೇ. ಕಿರಿದಾದ ಗುಂಡು, ಹೆಚ್ಚಿನ ವೇಗ. 130 ಗ್ರೇನ್‌ನ ಗುಂಡು ಸೆಕೆಂಡಿಗೆ ಸುಮಾರು 930 ಮೀಟರ್ ವೇಗದಲ್ಲಿ ಸಾಗುತ್ತದೆ. 'ಔಟ್‌ಡೋರ್ ಲೈಫ್' ಪತ್ರಿಕೆಯ ಖ್ಯಾತ ಬರಹಗಾರ ಜ್ಯಾಕ್ ಓ'ಕಾನರ್ ದಶಕಗಳ ಕಾಲ ಇದರ ಪರ ವಕಾಲತ್ತು ವಹಿಸಿದ್ದರು. ಬಯಲು ಮತ್ತು ಬೆಟ್ಟಗಳ ಬೇಟೆಗೆ ಅಚ್ಚುಮೆಚ್ಚಿನದು.

* .308 ವಿಂಚೆಸ್ಟರ್ (1952): ನ್ಯಾಟೋ ಸೈನ್ಯಗಳ 7.62 ಮಿ.ಮೀ. ಕಾಡತೂಸಿನ ನಾಗರಿಕ ರೂಪ. ಕವಚದ ಉದ್ದ .30-06ರಲ್ಲಿ 63 ಮಿ.ಮೀ. ಇದ್ದರೆ ಇದರಲ್ಲಿ 51 ಮಿ.ಮೀ. ಆದ್ದರಿಂದ ರೈಫಲ್ ಗಿಡ್ಡವಾಗಿ, ಹಗುರವಾಗಿ ಇರಬಲ್ಲದು. ಶಕ್ತಿಯಲ್ಲಿ .30-06ಕ್ಕಿಂತ ತುಸು ಹಿಂದೆ. ಭಾರವಾದ ಗುಂಡುಗಳಲ್ಲಿ ಮಾತ್ರ ಈ ವ್ಯತ್ಯಾಸ ಎದ್ದು ಕಾಣುತ್ತದೆ.

* .300 ವಿಂಚೆಸ್ಟರ್ ಮ್ಯಾಗ್ನಮ್ (1963): .30-06ರಷ್ಟೇ ವ್ಯಾಸ, ಹೆಚ್ಚು ಮದ್ದು, ಹೆಚ್ಚು ವೇಗ, ಅಷ್ಟೇ ಹೆಚ್ಚಿನ ಒದೆತ. ದೂರದ ಎಲ್ಕ್ ಬೇಟೆಗಾರರ ಆಯ್ಕೆ.

* 6.5 ಕ್ರೀಡ್‌ಮೂರ್ (2007): ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗಳಿಗಾಗಿ ರೂಪಿಸಿದ್ದು. ಉದ್ದನೆಯ, ಗಾಳಿಯನ್ನು ಸೀಳುವ ಗುಂಡು. ಒದೆತ ಕಡಿಮೆಯಾದ್ದರಿಂದ ಹೊಸಬರಲ್ಲಿ ಜನಪ್ರಿಯ. ಜಿಂಕೆಗೆ ಉತ್ತಮ. ಎಲ್ಕ್‌ಗೆ ಬಳಸುವವರು ದೂರದ ಬಗ್ಗೆ ಎಚ್ಚರ ವಹಿಸಬೇಕು.

* .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ (1912): ಆಫ್ರಿಕಾದ ಮಟ್ಟಿಗೆ ಇದೇ ಸರ್ವೋಪಯೋಗಿ. 300 ಗ್ರೇನ್‌ನ ಗುಂಡು, 5,700 ಜೂಲ್‌ನಷ್ಟು ಶಕ್ತಿ. ಕಾಡೆಮ್ಮೆಯಂಥ ಅಪಾಯಕಾರಿ ಪ್ರಾಣಿಗಳಿಗೆ ಇದಕ್ಕಿಂತ ಕಡಿಮೆಯದನ್ನು ಬಳಸಕೂಡದೆಂಬ ನಿಯಮ ಆಫ್ರಿಕಾದ ಕೆಲವು ದೇಶಗಳಲ್ಲಿದೆ.

ಈ ಪಟ್ಟಿಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಸರ್ವೋಪಯೋಗಿ ಎಂಬ ಮಾತಿಗೆ ಊರಿಗೊಂದು ಅರ್ಥ. ಪೆನ್ಸಿಲ್ವೇನಿಯಾದ ಕಾಡು, ವಯೋಮಿಂಗ್‌ನ ಬಯಲು, ಅಲಾಸ್ಕಾದ ಕಂದು ಕರಡಿಯ ನಾಡು ಇವು ಮೂರೂ ಬೇರೆ ಬೇರೆ ಉತ್ತರ ಬೇಡುತ್ತವೆ.

ಒದೆತ: ಮರೆಯಬಾರದ ಲೆಕ್ಕ

ಬಂದೂಕು ಸಿಡಿದಾಗ ಗುಂಡು ಮುಂದಕ್ಕೆ ಹೋದಂತೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ದೊಡ್ಡ ಕಾಡತೂಸು ಇದ್ದರೆ ಎಲ್ಲ ಪ್ರಾಣಿಗೂ ಆಯಿತು ಎಂಬ ಭಾವನೆಯಿಂದ ಮ್ಯಾಗ್ನಮ್ ರೈಫಲ್ ಕೊಳ್ಳುತ್ತಾರೆ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಹೆಗಲು ನೋಯಲಾರಂಭಿಸುತ್ತದೆ. ಐದನೆಯ ಗುಂಡಿಗೆ ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚಿ, ಮೈ ಬೆಚ್ಚಿ, ಗುರಿ ತಪ್ಪುತ್ತದೆ. ಈ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಒಂದೇ ತೂಕದ ರೈಫಲ್‌ಗಳನ್ನು ಹೋಲಿಸಿದರೆ 6.5 ಕ್ರೀಡ್‌ಮೂರ್‌ನ ಒದೆತ .30-06ರ ಮೂರನೇ ಎರಡು ಪಾಲಿನಷ್ಟಿರುತ್ತದೆ. .270 ಮತ್ತು .308 ಇವೆರಡರ ನಡುವೆ ನಿಲ್ಲುತ್ತವೆ. .375ರ ಒದೆತ .30-06ರ ಹತ್ತಿರ ಹತ್ತಿರ ಇಮ್ಮಡಿ. ಸಾಮಾನ್ಯ ಮೈಕಟ್ಟಿನ ವ್ಯಕ್ತಿ ಅಭ್ಯಾಸದಿಂದ ಸಹಿಸಿಕೊಳ್ಳಬಲ್ಲ ಮೇಲ್ಮಿತಿ .30-06 ಎಂಬುದು ಅನುಭವಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಭಿಪ್ರಾಯ. ಬೆದರದೆ ಹಾರಿಸಬಲ್ಲ ಸಣ್ಣ ಕಾಡತೂಸು, ಬೆದರುತ್ತ ಹಾರಿಸುವ ದೊಡ್ಡ ಕಾಡತೂಸಿಗಿಂತ ಎಷ್ಟೋ ಮೇಲು.

ಯಂತ್ರ, ನಳಿಗೆ ಮತ್ತು ತೂಕ

ಕಾಡತೂಸು ನಿಗದಿಯಾದ ಬಳಿಕ ಬರುವುದು ಬಂದೂಕಿನ ಯಂತ್ರಭಾಗ. ಬೋಲ್ಟ್ ಯಂತ್ರದ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಕೆಳಗಿಳಿಸಬೇಕು. ನಿಧಾನವೆನಿಸಿದರೂ ಬಲಿಷ್ಠ, ಸರಳ, ನಿಖರ. ಜರ್ಮನಿಯ ಮೌಸರ್ 1898ರ ಮಾದರಿಯೇ ಇಂದಿನ ಬಹುತೇಕ ಬೋಲ್ಟ್ ರೈಫಲ್‌ಗಳ ಮೂಲಪುರುಷ. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70, 1958ರ ಸ್ಯಾವೇಜ್ 110, 1962ರ ರೆಮಿಂಗ್ಟನ್ 700, 2003ರಲ್ಲಿ ಬಂದ ಫಿನ್‌ಲೆಂಡಿನ ಟಿಕ್ಕಾ ಟಿ3 ಇವು ಈ ಪರಂಪರೆಯ ಹೆಸರಾಂತ ಮಾದರಿಗಳು.

ಲಿವರ್ ಯಂತ್ರ ಚುರುಕು. ಆದರೆ ಸಾಂಪ್ರದಾಯಿಕ ಮಾದರಿಗಳಲ್ಲಿ ಕಾಡತೂಸುಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುವುದರಿಂದ ಮೊನಚು ಗುಂಡುಗಳನ್ನು ಬಳಸಲಾಗದು. ಮುಂದಿನ ಕಾಡತೂಸಿನ ಬುಡಕ್ಕೆ ಹಿಂದಿನದರ ಮೊನೆ ತಾಗಿ ಸಿಡಿಯುವ ಅಪಾಯವಿದೆ. ಸ್ವಯಂ ತುಂಬಿಕೊಳ್ಳುವ ರೈಫಲ್‌ಗಳು ಒದೆತವನ್ನು ತುಸು ತಗ್ಗಿಸುತ್ತವೆಯಾದರೂ ಅವುಗಳ ಮೇಲೆ ಹಲವು ರಾಜ್ಯಗಳಲ್ಲಿ ನಿರ್ಬಂಧಗಳಿವೆ.

ತೂಕದ ವಿಷಯದಲ್ಲಿ ಜೆಫ್ ಕೂಪರ್ ಅವರ ಹೆಸರನ್ನು ಉಲ್ಲೇಖಿಸಲೇಬೇಕು. ಅಮೆರಿಕದ ಈ ಶಸ್ತ್ರಾಸ್ತ್ರ ತರಬೇತುದಾರ 1980ರ ದಶಕದಲ್ಲಿ 'ಸ್ಕೌಟ್ ರೈಫಲ್' ಎಂಬ ಕಲ್ಪನೆಯನ್ನು ಮುಂದಿಟ್ಟರು. ಉದ್ದ ಒಂದು ಮೀಟರ್, ತೂಕ ಸುಮಾರು ಮೂರು ಕೆ.ಜಿ., ಕಾಡತೂಸು .308, ಬೋಲ್ಟ್ ಯಂತ್ರ. ಒಬ್ಬ ವ್ಯಕ್ತಿ ದಿನವಿಡೀ ಹೊತ್ತು ನಡೆದು, 200 ಕೆ.ಜಿ.ವರೆಗಿನ ಪ್ರಾಣಿಯನ್ನು ಒಂದೇ ಗುಂಡಿಗೆ ಕೆಡವಲು ಶಕ್ತವಾಗಿರಬೇಕೆಂಬುದು ಅವರ ಅಪೇಕ್ಷೆ. ಈ ಲೆಕ್ಕಾಚಾರವನ್ನು ಆಧರಿಸಿ ಆಸ್ಟ್ರಿಯಾದ ಸ್ಟೈಯರ್ ಕಂಪನಿ 1998ರಲ್ಲಿ ರೈಫಲ್ ಹೊರತಂದಿತು.

ಸಾಮಾನ್ಯ ಬೇಟೆಗಾರನಿಗೆ 22 ಇಂಚಿನ ನಳಿಗೆ, ಸ್ಕೋಪ್ ಸೇರಿ 3.5ರಿಂದ 4 ಕೆ.ಜಿ. ತೂಕ ಹದವಾದ ಅಳತೆ. ಇದಕ್ಕಿಂತ ಹಗುರವಾದರೆ ಹೊರಲು ಸುಖ, ಆದರೆ ಒದೆತ ಜಾಸ್ತಿ. ಭಾರವಾದರೆ ಒದೆತ ಕಡಿಮೆ, ಆದರೆ ಬೆಟ್ಟ ಹತ್ತುವವನ ಪಾಡು ಕೇಳುವಂತಿಲ್ಲ. ವಾಲ್‌ನಟ್ ಮರದ ಹಿಡಿ ನೋಡಲು ಅಂದ. ಮಳೆ, ಹಿಮದಲ್ಲಿ ಉಬ್ಬಿ ಕುಗ್ಗದ ಫೈಬರ್ ಹಿಡಿ ಬಳಕೆಗೆ ಚೆಂದ.

ಸ್ಕೋಪ್ ಮತ್ತು ಗುರಿ ಹೊಂದಾಣಿಕೆ

ಉತ್ತಮ ರೈಫಲ್‌ಗೆ ಕಳಪೆ ಸ್ಕೋಪ್ ಜೋಡಿಸುವುದೆಂದರೆ ಕುದುರೆ ಕೊಂಡು ಜೀನಿಗೆ ಜಿಪುಣತನ ಮಾಡಿದಂತೆ. ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬು ಬೆಳಕಿನಲ್ಲೇ ಪ್ರಾಣಿಗಳು ಹೆಚ್ಚಾಗಿ ಹೊರಬರುವುದರಿಂದ ಮಸೂರದ ಗುಣಮಟ್ಟ ಮುಖ್ಯವಾಗುತ್ತದೆ. 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಮಸೂರದ ಸ್ಕೋಪ್ ಸರ್ವೋಪಯೋಗಿ ರೈಫಲ್‌ಗೆ ಸಾಂಪ್ರದಾಯಿಕ ಜೋಡಿ. ಕಾಡಿನಲ್ಲಿ 3ಕ್ಕೆ ಇಟ್ಟುಕೊಂಡರೆ ನೋಟದ ಹರವು ವಿಶಾಲ. ಬಯಲಿನಲ್ಲಿ ಹೆಚ್ಚಿಸಿಕೊಳ್ಳಬಹುದು.

ಸ್ಕೋಪ್ ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗುಂಡು ನೇರ ಗೆರೆಯಲ್ಲಿ ಸಾಗುವುದಿಲ್ಲ. ಎಸೆದ ಕಲ್ಲಿನಂತೆ ಬಾಗಿ ಕೆಳಗಿಳಿಯುತ್ತದೆ. .30-06ನ್ನು 200 ಗಜಕ್ಕೆ ಸರಿಯಾಗಿ ಹೊಂದಿಸಿದರೆ 100 ಗಜದಲ್ಲಿ ಗುಂಡು ಸುಮಾರು ಎರಡು ಇಂಚು ಮೇಲೆ, 300 ಗಜದಲ್ಲಿ ಸುಮಾರು ಎಂಟು ಇಂಚು ಕೆಳಗೆ ಬೀಳುತ್ತದೆ. ಕಾಡತೂಸಿನ ಬ್ರ್ಯಾಂಡ್ ಬದಲಾದರೂ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಬೇಟೆಗೆ ಒಯ್ಯುವ ಕಾಡತೂಸಿನಲ್ಲೇ ಅಭ್ಯಾಸದ ಮೈದಾನದಲ್ಲಿ ಗುರಿ ಹೊಂದಿಸಿಕೊಳ್ಳಬೇಕು.

ಗುಂಡಿನಲ್ಲಿ ಸೀಸ, ತಾಮ್ರ

ಬೇಟೆಯ ಗುಂಡು ಪ್ರಾಣಿಯ ದೇಹ ಹೊಕ್ಕೊಡನೆ ಅಣಬೆಯಂತೆ ಅರಳಬೇಕು, ಆದರೆ ಚೂರುಚೂರಾಗಬಾರದು. ಹಳೆಯ ಪದ್ಧತಿಯಲ್ಲಿ ಸೀಸದ ತಿರುಳಿಗೆ ತಾಮ್ರದ ಹೊದಿಕೆ ಇರುತ್ತದೆ. ಇದು ಸಿಡಿದಾಗ ಸೀಸದ ಕಣಗಳು ಮಾಂಸದಲ್ಲಿ ಉಳಿಯುತ್ತವೆ. ಬೇಟೆಗಾರ ಬಿಟ್ಟುಹೋದ ಕರುಳು, ಒಳಾಂಗಗಳನ್ನು ತಿಂದು ಕ್ಯಾಲಿಫೋರ್ನಿಯಾದ ಅಪರೂಪದ ಕಾಂಡೋರ್ ಹದ್ದುಗಳು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದವು. ಇದನ್ನು ತಡೆಯಲು ಆ ರಾಜ್ಯ 2013ರಲ್ಲಿ ಕಾನೂನು ತಂದು, 2019ರ ಜುಲೈ 1ರಿಂದ ಎಲ್ಲ ಬಗೆಯ ಬೇಟೆಗೂ ಸೀಸರಹಿತ ಗುಂಡನ್ನು ಕಡ್ಡಾಯಗೊಳಿಸಿತು. ಅಲ್ಲಿ ವಾಸಿಸುವವರು ರೈಫಲ್ ಆರಿಸುವ ಮೊದಲು ಅದಕ್ಕೆ ಸೀಸರಹಿತ ಕಾಡತೂಸು ಸುಲಭವಾಗಿ ದೊರೆಯುವುದೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ತಪ್ಪಿದ ಗುರಿಯ ಬೆಲೆ

ಇಷ್ಟೆಲ್ಲ ಲೆಕ್ಕಾಚಾರ ಏಕೆ ಎಂಬ ಪ್ರಶ್ನೆ ಸಹಜ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಒಂದು ಊಟದ ತಟ್ಟೆಯಷ್ಟೇ ಅಗಲ. ಗುಂಡು ಅಲ್ಲಿ ಬಿದ್ದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಸಾಯುತ್ತದೆ. ಒಂದು ಗೇಣು ಹಿಂದೆ ಬಿದ್ದು ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಯಾರ ಕೈಗೂ ಸಿಗದೆ ಪೊದೆಯೊಳಗೆ ಕೊಳೆಯುತ್ತದೆ.

ಅಪಾಯಕಾರಿ ಪ್ರಾಣಿಗಳ ವಿಷಯದಲ್ಲಿ ಇದರ ಬೆಲೆಯನ್ನು ಮನುಷ್ಯರೂ ತೆರಬೇಕಾಗುತ್ತದೆ. ಇದಕ್ಕೆ ಅತ್ಯಂತ ದಾರುಣ ನಿದರ್ಶನ ನಮ್ಮ ದೇಶದ್ದೇ. ನೇಪಾಳ ಮತ್ತು ಕುಮಾವೂಂ ಪ್ರದೇಶಗಳಲ್ಲಿ 436 ಮಂದಿಯನ್ನು ಬಲಿ ತೆಗೆದುಕೊಂಡ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಕಾರ್ಬೆಟ್ ಕೊಂದಾಗ, ಅದರ ಬಲಭಾಗದ ಕೋರೆಹಲ್ಲುಗಳು ಮುರಿದಿರುವುದು ಕಂಡುಬಂತು. ಹಿಂದೆ ಯಾರೋ ಹಾರಿಸಿದ್ದ ಗುಂಡಿನಿಂದಾದ ಗಾಯವದು. ಸಹಜ ಬೇಟೆಯನ್ನು ಹಿಡಿಯಲಾಗದೆ ಅದು ನರಭಕ್ಷಕವಾಯಿತೆಂದು ಕಾರ್ಬೆಟ್ ನಿರ್ಣಯಿಸಿದರು. ಯಾರೋ ಅವಸರದಲ್ಲಿ ಹಾರಿಸಿದ ಒಂದು ಗುಂಡಿಗೆ ನೂರಾರು ಕುಟುಂಬಗಳು ಬೆಲೆ ತೆತ್ತವು.

ಕಾರ್ಬೆಟ್, ಆಂಡರ್ಸನ್ ಮತ್ತು .315

ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ ಆಗಿನ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಅವರು ಕಾರ್ಬೆಟ್‌ಗೆ ಉಡುಗೊರೆಯಾಗಿ ನೀಡಿದ್ದೇ .275 ರಿಗ್ಬಿ ರೈಫಲ್. ಬೆಟ್ಟ ಹತ್ತಿಳಿಯಲು ಹಗುರವಾದ ಈ ರೈಫಲ್ ಮುಂದೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿತು. ಇದರ ಜೊತೆಗೆ ಅವರು .450/400 ಜೋಡಿನಳಿಗೆ ರೈಫಲನ್ನೂ ಬಳಸುತ್ತಿದ್ದರು. ಎಲ್ಲಕ್ಕೂ ಒಂದೇ ಬಂದೂಕು ಸಾಲದೆಂಬುದಕ್ಕೆ ಕಾರ್ಬೆಟ್ ಅವರೇ ಸಾಕ್ಷಿ.

ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ನೆಚ್ಚಿಕೊಂಡದ್ದು .405 ವಿಂಚೆಸ್ಟರ್ 1895 ಮಾದರಿಯ ಲಿವರ್ ರೈಫಲನ್ನು. ರೂಸ್‌ವೆಲ್ಟ್ ಆಫ್ರಿಕಾದ ಸಿಂಹಗಳಿಗೆಂದು ಒಯ್ದಿದ್ದೂ ಇದೇ ಮಾದರಿ. 300 ಗ್ರೇನ್‌ನ ಭಾರವಾದ ಗುಂಡು ದೂರಕ್ಕೆ ಸಾಗದು. ಆದರೆ ಮೈಸೂರು, ಸೇಲಂ ಸೀಮೆಯ ಕುರುಚಲು ಕಾಡುಗಳಲ್ಲಿ ಹುಲಿ, ಚಿರತೆಗಳು ಎದುರಾಗುತ್ತಿದ್ದುದೇ ಕೆಲವು ಮಾರು ದೂರದಲ್ಲಿ. ಅಲ್ಲಿ ಬೇಕಿದ್ದುದು ಹತ್ತಿರದ ಹೊಡೆತ ಮತ್ತು ಚುರುಕಾದ ಎರಡನೇ ಗುಂಡು. ಸ್ಥಳಕ್ಕೆ ತಕ್ಕ ಬಂದೂಕು ಎಂಬ ಮಾತಿಗೆ ಇದು ಒಳ್ಳೆಯ ಉದಾಹರಣೆ.

ಭಾರತದಲ್ಲಿ ಪರವಾನಗಿದಾರರ ಕೈಯಲ್ಲಿ .315 ರೈಫಲ್ ಹೆಚ್ಚಾಗಿ ಕಾಣುವುದಕ್ಕೂ ಚರಿತ್ರೆಯ ಹಿನ್ನೆಲೆಯಿದೆ. ಸೈನ್ಯದ ಕಾಡತೂಸುಗಳು ಕಳ್ಳಮಾರ್ಗದಲ್ಲಿ ಬಂಡಾಯಗಾರರ ಕೈಸೇರಬಾರದೆಂದು ಬ್ರಿಟಿಷ್ ಸರ್ಕಾರ .303ರಂಥ ಸೇನಾ ಅಳತೆಗಳನ್ನು ಖಾಸಗಿಯವರಿಗೆ ನಿರ್ಬಂಧಿಸಿತು. ಸೇನೆಯ ಬಂದೂಕಿಗೆ ಹೊಂದದ 8 ಮಿ.ಮೀ. ಅಳತೆಯ .315 ಆ ಜಾಗ ತುಂಬಿತು. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ ಇದನ್ನು ತಯಾರಿಸುತ್ತ ಬಂದಿದೆ. 2021ರಲ್ಲಿ ಆರ್ಡನೆನ್ಸ್ ಕಾರ್ಖಾನೆ ಮಂಡಳಿ ವಿಸರ್ಜನೆಯಾದ ಬಳಿಕ ಈ ಕಾರ್ಖಾನೆ ಹೊಸ ಸರ್ಕಾರಿ ಕಂಪನಿಯೊಂದರ ಅಧೀನಕ್ಕೆ ಬಂದಿದೆ.

ಅಮೆರಿಕದ ಕಾನೂನು: ಕನ್ನಡಿಗರು ಗಮನಿಸಬೇಕಾದ್ದು

ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಸುಲಭ ಎಂಬ ಮಾತು ಅರ್ಧ ಸತ್ಯ. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಅಥವಾ ಕಾಡತೂಸು ಹೊಂದುವುದನ್ನು ಒಕ್ಕೂಟ ಸರ್ಕಾರದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ನೀಡಿದ ಸಿಂಧು ಬೇಟೆ ಪರವಾನಗಿ ಉಳ್ಳವರಿಗೆ ಇದರಿಂದ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯ ಆಧಾರವೂ ತಪ್ಪುತ್ತದೆ. ಉಲ್ಲಂಘನೆಗೆ 15 ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದ್ದು, ವೀಸಾಕ್ಕೂ ಸಂಚಕಾರ ಬರಬಹುದು. ಗ್ರೀನ್ ಕಾರ್ಡ್ ಹೊಂದಿದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಈ ವಿಷಯದಲ್ಲಿ ಗೆಳೆಯರ ಮಾತು ನಂಬಿ ಹೆಜ್ಜೆಯಿಡದೆ ವಲಸೆ ವಕೀಲರನ್ನು ವಿಚಾರಿಸುವುದು ಕ್ಷೇಮ.

ಬೇಟೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಹಾಯೊ ರಾಜ್ಯದಲ್ಲಿ ಜಿಂಕೆ ಬೇಟೆಗೆ ನೇರ ಗೋಡೆಯ ಕವಚದ ಕಾಡತೂಸು ಹಾರಿಸುವ ರೈಫಲ್‌ಗಳಿಗೆ ಮಾತ್ರ ಅನುಮತಿ. ಅಂದರೆ ಸರ್ವೋಪಯೋಗಿ ಎಂದು ಹೆಸರಾದ .30-06 ಅಲ್ಲಿ ಜಿಂಕೆಗೆ ನಿಷಿದ್ಧ! ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗಳಿಗೆ .24ಕ್ಕಿಂತ ಕಡಿಮೆ ವ್ಯಾಸದ ರೈಫಲ್ ಬಳಸುವಂತಿಲ್ಲ. ಬೇಟೆ ಶಿಕ್ಷಣದ ತರಗತಿ, ಪ್ರಾಣಿವಾರು ಅನುಮತಿ ಚೀಟಿ, ಹಲವು ರಾಜ್ಯಗಳಲ್ಲಿ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಉಡುಪು ಇವೂ ನಿಯಮಗಳಲ್ಲಿ ಸೇರಿವೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯನ್ವಯ ರೈಫಲ್ ಮತ್ತು ಕಾಡತೂಸುಗಳ ಮೇಲೆ ವಿಧಿಸುವ ಶೇ. 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ವಿನಿಯೋಗವಾಗುತ್ತದೆ.

ಭಾರತದಲ್ಲಿ ಸ್ಥಿತಿ ಏನು?

ಭಾರತದಲ್ಲಿ ಬಂದೂಕು ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಅಗತ್ಯ. 2019ರ ತಿದ್ದುಪಡಿಯ ಬಳಿಕ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ವಜಾಗೊಳಿಸಿದ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು 'ತೋಕ್'ಗೆ ಪೂಜೆ ಸಲ್ಲಿಸುವ ಪದ್ಧತಿ ಇಂದಿಗೂ ಅಲ್ಲಿ ಜೀವಂತವಾಗಿದೆ.

ಆದರೆ ಬಂದೂಕು ಹೊಂದುವ ಹಕ್ಕು ಬೇರೆ, ಬೇಟೆಯಾಡುವ ಹಕ್ಕು ಬೇರೆ. ವನ್ಯಜೀವಿ ಕಾಯ್ದೆಯಲ್ಲಿ ಕೊಡವರಿಗೆ ಶಿಕಾರಿಯ ವಿನಾಯಿತಿ ಇಲ್ಲದಿರುವುದರಿಂದ ಕೊಡಗಿನಲ್ಲೂ ಕಾಡುಪ್ರಾಣಿಯತ್ತ ಕೋವಿ ಎತ್ತುವುದು ಅಪರಾಧವೇ. ಮೊದಲ ಅನುಸೂಚಿಯ ಪ್ರಾಣಿಗಳ ಬೇಟೆಗೆ ಮೂರರಿಂದ ಏಳು ವರ್ಷಗಳ ಜೈಲು ಮತ್ತು ಕನಿಷ್ಠ 25 ಸಾವಿರ ರೂ. ದಂಡವಿದೆ. ಮನುಷ್ಯರ ಪ್ರಾಣಕ್ಕೆ ಅಥವಾ ಬೆಳೆಗೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ ಕಾಯ್ದೆಯ 11ನೇ ಸೆಕ್ಷನ್‌ನಡಿ ಅನುಮತಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಅವಕಾಶವಿದ್ದರೂ, ಎಲ್ಲ ಪ್ರಾಣಿಗಳಿಗೂ ಒಂದೇ ನಿಯಮವಲ್ಲ. ಮೊದಲ ಅನುಸೂಚಿಯ ಪ್ರಾಣಿಗಳಿಗೆ ಮನುಷ್ಯರ ಪ್ರಾಣಾಪಾಯ ಅಥವಾ ಚೇತರಿಸಿಕೊಳ್ಳಲಾರದ ರೋಗ, ಅಂಗವೈಕಲ್ಯವೇ ಆಧಾರ. ಕಾಡುಹಂದಿಯ ಹಾವಳಿಗೆ ಸಂಬಂಧಿಸಿ ಕೇರಳ ಸರ್ಕಾರ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿತು. ಅನುಮತಿ ಪತ್ರವಿಲ್ಲದೆ ಗದ್ದೆಯ ಬದುವಿನಲ್ಲಿ ಕೋವಿ ಹಿಡಿದು ಕಾಯುವ ರೈತ ಕಾನೂನಿನ ದೃಷ್ಟಿಯಲ್ಲಿ ಕಳ್ಳಬೇಟೆಗಾರನೇ ಆಗುತ್ತಾನೆ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಕಾನೂನುಬದ್ಧ ಬೇಟೆಯಿರುವ ಕಡೆ ರೈಫಲ್ ಕೊಳ್ಳಲು ಹೊರಟವರು ಈ ಅಂಶಗಳನ್ನು ಪರಿಶೀಲಿಸಿದರೆ ಹಣವೂ ಉಳಿಯುತ್ತದೆ, ಅನಾಹುತವೂ ತಪ್ಪುತ್ತದೆ.

1. ಬಂದೂಕು ಹೊಂದಲು ನನಗೆ ಕಾನೂನಿನ ಅರ್ಹತೆ ಇದೆಯೇ? ಆ ಪ್ರಾಣಿಗೆ, ಆ ರಾಜ್ಯದಲ್ಲಿ ಈ ಕಾಡತೂಸಿಗೆ ಅನುಮತಿ ಇದೆಯೇ?

2. ನಾನು ನಿಜವಾಗಿ ಬೇಟೆಯಾಡುವುದು ಯಾವ ಪ್ರಾಣಿಯನ್ನು? ಎಂದೋ ಒಮ್ಮೆ ಹೋಗಬಹುದಾದ ಅಲಾಸ್ಕಾಕ್ಕಾಗಿ ಪ್ರತಿವರ್ಷದ ಜಿಂಕೆಗೆ ದೊಡ್ಡ ಫಿರಂಗಿ ಹೊರುವುದು ವ್ಯರ್ಥ.

3. ಕಾಡತೂಸು ಸಣ್ಣ ಊರಿನ ಅಂಗಡಿಯಲ್ಲೂ ಸಿಗುವುದೇ? .30-06, .308, .270 ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ.

4. ಒಂದೇ ಬಾರಿಗೆ 20 ಗುಂಡು ಹಾರಿಸಿದರೂ ಹೆಗಲು ತಾಳುವುದೇ? ಕೊಳ್ಳುವ ಮೊದಲು ಮೈದಾನದಲ್ಲಿ ಬಾಡಿಗೆಗೆ ಪಡೆದು ಪರೀಕ್ಷಿಸಿ.

5. ಹಿಡಿ ನನ್ನ ತೋಳಿನ ಅಳತೆಗೆ ಹೊಂದುವುದೇ? ಕಣ್ಣು ಮುಚ್ಚಿ ಹೆಗಲಿಗೇರಿಸಿ, ತೆರೆದಾಗ ಸ್ಕೋಪ್‌ನ ಪೂರ್ತಿ ವೃತ್ತ ಕಾಣಬೇಕು.

6. ಹಳೆಯ ಬಂದೂಕಾದರೆ ನಳಿಗೆಯ ಗೀರುಗಳು ಸವೆದಿವೆಯೇ, ತುಕ್ಕಿದೆಯೇ, ನಳಿಗೆಯ ತುದಿಗೆ ಪೆಟ್ಟಾಗಿದೆಯೇ ಎಂದು ಬಂದೂಕು ದುರಸ್ತಿಗಾರರಲ್ಲಿ ತೋರಿಸಿ.

7. ಸ್ಕೋಪ್, ಬೀಗವಿರುವ ಕಪಾಟು, ಕಿವಿರಕ್ಷಕ, ಅಭ್ಯಾಸದ ಕಾಡತೂಸು ಇವುಗಳ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿದಿರುವಿರಾ?

ಸುರಕ್ಷತೆಯ ನಿಯಮಗಳಿಗೆ ಮಾತ್ರ ರಿಯಾಯಿತಿ ಇಲ್ಲ. ಪ್ರತಿ ಬಂದೂಕೂ ತುಂಬಿದೆಯೆಂದೇ ಭಾವಿಸಬೇಕು. ನಳಿಗೆಯನ್ನು ಮನುಷ್ಯರತ್ತ ತಿರುಗಿಸಕೂಡದು. ಗುರಿ ನಿಶ್ಚಯವಾಗುವವರೆಗೆ ಬೆರಳು ಕುದುರೆಗೆ ತಾಗಕೂಡದು. ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. .30-06ರ ಗುಂಡು ತಡೆಯಿಲ್ಲದಿದ್ದರೆ ನಾಲ್ಕು ಕಿ.ಮೀ.ಗೂ ಹೆಚ್ಚು ದೂರ ಸಾಗಬಲ್ಲದು.

ಕೊನೆಯ ಮಾತು

ನೂರು ವರ್ಷಗಳ ಚರ್ಚೆಯ ಸಾರವನ್ನು ಹೇಳುವುದಾದರೆ, ಉತ್ತರ ಅಮೆರಿಕದ ಮಟ್ಟಿಗೆ ಬೋಲ್ಟ್ ಯಂತ್ರದ .30-06 ರೈಫಲ್ ಸರ್ವೋಪಯೋಗಿ ಎಂಬ ಬಿರುದಿಗೆ ಇಂದಿಗೂ ಅತ್ಯಂತ ಸಮೀಪದಲ್ಲಿದೆ. ಕಾಡಿನ ಜಿಂಕೆಯೊಂದೇ ಗುರಿಯಾದರೆ, ಒದೆತ ಕಡಿಮೆ ಬೇಕೆನಿಸಿದರೆ .308 ಅಥವಾ 6.5 ಕ್ರೀಡ್‌ಮೂರ್ ಸಾಕು. ಬಯಲು, ಬೆಟ್ಟಗಳಾದರೆ .270 ಹಿತ. ಇವುಗಳ ನಡುವಣ ಅಂತರ ಚರ್ಚೆಯಲ್ಲಿ ಕಾಣುವಷ್ಟು ಕಾಡಿನಲ್ಲಿ ಕಾಣುವುದಿಲ್ಲ. ಯಾವುದನ್ನೇ ಕೊಂಡರೂ ಅದರಲ್ಲಿ ಸಾಕಷ್ಟು ಅಭ್ಯಾಸ ಮಾಡಿ, ತನ್ನ ಕೈಗೆ ನಿಲುಕುವ ದೂರ ಎಷ್ಟೆಂದು ಅರಿತು, ಅದನ್ನು ಮೀರಿದ ಗುರಿಗೆ ಗುಂಡು ಹಾರಿಸದೆ ಬಂದೂಕು ಇಳಿಸುವ ಸಂಯಮ ಬೇಕು. ಆ ಸಂಯಮ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.